ಟೆಲಿಕನ್ವರ್ಟರ್ ಮತ್ತು ಅಜ್ಜಿಯ ಹಿಲಾಲ್

ಟೆಲಿಕನ್ವರ್ಟರ್ ನೋಡಲಿಕ್ಕೆ ಏನೂ ಅಲ್ಲ. ಚಹಾದ ಸಣ್ಣ ಗ್ಲಾಸಿನಷ್ಟು ಗಾತ್ರ, ಎರಡೂ ಕಡೆ ಲೋಹದ ಬಾಯಿ, ಒಳಗೆ ನಾಲ್ಕಾರು ಗಾಜು. ಕ್ಯಾಮರಾ ಮತ್ತು ಲೆನ್ಸಿನ ಮಧ್ಯೆ ಅದನ್ನು ಸಿಕ್ಕಿಸಬೇಕು. 1.4 ಪಟ್ಟಿನದ್ದಾದರೆ 400 ಮಿ.ಮೀ. ಲೆನ್ಸ್ 560 ಆಗುತ್ತದೆ, 2 ಪಟ್ಟಿನದ್ದಾದರೆ 800. ಕೇಳಿದವರಿಗೆಲ್ಲ ಇದು ಪುಕ್ಕಟೆ ಸಿಕ್ಕಿದ ಲಾಭ ಅನ್ನಿಸುತ್ತದೆ. ನಮ್ಮ ಕ್ಲಾಸಿನಲ್ಲಿ ಒಬ್ಬನಂತೂ "ಹಾಗಾದರೆ ಎರಡನ್ನೂ ಒಂದರ ಮೇಲೊಂದು ಹಾಕು ಮಾರಾಯ, ಪಾಕಿಸ್ತಾನದವರೆಗೆ ಕಾಣಬಹುದು" ಅಂದ. ಪುಕ್ಕಟೆ ಏನೂ ಇಲ್ಲ. ಅದನ್ನು ವಿವರಿಸಲಿಕ್ಕೆ ಹೊರಟು ಈ ಲೇಖನ ಇಷ್ಟುದ್ದ ಆಯಿತು.

ದ್ವಿತೀಯ ಪಿಯುಸಿಯ ರೇ ಆಪ್ಟಿಕ್ಸ್ ಪಾಠ ನೆನಪಿದ್ದವರಿಗೆ ಇದು ಕಷ್ಟವಲ್ಲ. ಟೆಲಿಕನ್ವರ್ಟರಿನ ಒಳಗಿರುವ ಗಾಜುಗಳು ಒಟ್ಟಾಗಿ ಒಂದು ನಿಮ್ನ ಮಸೂರದ ಕೆಲಸ ಮಾಡುತ್ತವೆ. ಮುಂದಿನ ಲೆನ್ಸಿನಿಂದ ಒಂದು ಬಿಂದುವಿಗೆ ಕೂಡಲು ಬರುತ್ತಿರುವ ಕಿರಣಗಳನ್ನು ಸ್ವಲ್ಪ ಅಗಲಿಸಿ, ಇನ್ನೂ ಹಿಂದೆ ಹೋಗಿ ಕೂಡುವಂತೆ ಮಾಡುತ್ತವೆ. ಬಿಂಬ ದೊಡ್ಡದಾಗುತ್ತದೆ. ದೂರದರ್ಶಕದವರು ಇದೇ ಉಪಾಯವನ್ನು ಬಾರ್ಲೋ ಲೆನ್ಸ್ ಎಂದು ಕರೆಯುತ್ತಾರೆ. ಪೀಟರ್ ಬಾರ್ಲೋ ಎಂಬ 19ನೇ ಶತಮಾನದ ಇಂಗ್ಲಿಷ್ ಗಣಿತಜ್ಞನ ಹೆಸರದು. ಆದರೆ ಮುಂದಿನ ಲೆನ್ಸಿನ ಬಾಯಿ ಮೊದಲಿನಷ್ಟೇ ಇದೆಯಲ್ಲ? 400ನ್ನು 5.6ರಿಂದ ಭಾಗಿಸಿ ನೋಡಿ, ಸುಮಾರು 71 ಮಿ.ಮೀ. ಬೆಳಕು ಒಳಗೆ ಬರುವ ಕಿಂಡಿ ಅಷ್ಟೇ. ಅಷ್ಟೇ ಬೆಳಕನ್ನು ಈಗ 1.4 ಪಟ್ಟು ಉದ್ದ, 1.4 ಪಟ್ಟು ಅಗಲದ ಬಿಂಬಕ್ಕೆ ಹಂಚಬೇಕು. 1.4ನ್ನು 1.4ರಿಂದ ಗುಣಿಸಿದರೆ ಹತ್ತಿರ ಹತ್ತಿರ 2. ಅಂದರೆ ಬೆಳಕು ಅರ್ಧ. ಫೋಟೋಗ್ರಾಫರುಗಳು ಇದನ್ನು 'ಒಂದು ಸ್ಟಾಪ್ ಹೋಯಿತು' ಎನ್ನುತ್ತಾರೆ. ಎಫ್ 5.6 ಇದ್ದದ್ದು ಎಫ್ 8 ಆಗುತ್ತದೆ. 2 ಪಟ್ಟಿನದ್ದರಲ್ಲಿ ಬೆಳಕು ಕಾಲು ಭಾಗಕ್ಕೆ ಇಳಿದು ಎಫ್ 11ಕ್ಕೆ ಬರುತ್ತದೆ. ಮನೆಯಲ್ಲಿ ನೆಂಟರು ಜಾಸ್ತಿಯಾದಾಗ ಉಮ್ಮ ಸಾರಿಗೆ ನೀರು ಹಾಕುವ ಲೆಕ್ಕ ಇದೇ.

ಲೆನ್ಸ್ ನನ್ನದಲ್ಲ. ನನ್ನ ಕಾಕ ಮದುವೆ ಫೋಟೋ ತೆಗೆಯುವವರು. ಮದುವೆಗೆ 100-400 ಝೂಮ್ ಬೇಕಾಗುವುದಿಲ್ಲ, ಅದು ಅವರ ಹುಚ್ಚಿನ ಲೆನ್ಸ್. ಮದುವೆ ಇಲ್ಲದ ದಿನ ಅದನ್ನು ತೆಗೆದುಕೊಂಡು ಗದ್ದೆ ಬದಿಗೆ ಹೋಗುತ್ತಾರೆ. ಒಂದೂವರೆ ವರ್ಷದಿಂದ ಜೊತೆಗೆ ನಾನೂ. ಎಲ್ಲೂರು ಎಂದರೆ ಹೊರಗಿನವರಿಗೆ ಹಳೆಯ ಶಿವ ದೇವಸ್ಥಾನ, ಇಲ್ಲವೇ 1,200 ಮೆಗಾವ್ಯಾಟಿನ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ. ನಮಗೆ ಇನ್ನೂ ಸ್ವಲ್ಪ ಇದೆ. ಕೊಯ್ಲಾದ ಗದ್ದೆಯಲ್ಲಿ ಕೊಕ್ಕರೆ, ತೋಡಿನ ಬದಿಯಲ್ಲಿ ಮಿಂಚುಳ್ಳಿ, ಬೆಳಿಗ್ಗೆ ಗುಡ್ಡೆಯಿಂದ ಇಳಿಯುವ ನವಿಲು, ಮೇಲೆ ಸುತ್ತುವ ಗರುಡ.

ಮೊದಲ ದಿನಗಳಲ್ಲಿ ಕಾಕ ಟೆಲಿಕನ್ವರ್ಟರ್ ಮುಟ್ಟಲಿಕ್ಕೆ ಬಿಡಲಿಲ್ಲ. "ಮೊದಲು ಹತ್ತಿರ ಹೋಗಲಿಕ್ಕೆ ಕಲಿ" ಅಂದರು. ಇದು ಜಿಪುಣತನವಲ್ಲ ಎಂದು ಆಮೇಲೆ ಗೊತ್ತಾಯಿತು. ನಮ್ಮ ಲೈಬ್ರರಿಯಲ್ಲಿ ಸಲೀಂ ಅಲಿಯವರ ಆತ್ಮಕಥೆ 'ದ ಫಾಲ್ ಆಫ್ ಅ ಸ್ಪ್ಯಾರೋ' ಇದೆ, 1985ರಲ್ಲಿ ಬಂದದ್ದು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ಮಾಡಿದವರು. ಅವರ ಕೈಯಲ್ಲಿ 560 ಮಿ.ಮೀ. ಇರಲಿಲ್ಲ. ಕಾಲು ಇತ್ತು, ತಾಳ್ಮೆ ಇತ್ತು.

ಟೆಲಿಕನ್ವರ್ಟರ್ ಎಲ್ಲವನ್ನೂ ದೊಡ್ಡದು ಮಾಡುತ್ತದೆ. ಹಕ್ಕಿಯನ್ನು ಮಾತ್ರವಲ್ಲ, ಲೆನ್ಸಿನ ದೋಷವನ್ನೂ, ಕೈಯ ನಡುಕವನ್ನೂ, ಮಧ್ಯೆ ಇರುವ ಗಾಳಿಯನ್ನೂ. ಮಾರ್ಚ್ ತಿಂಗಳ ಮಧ್ಯಾಹ್ನ ಒಣ ಗದ್ದೆಯ ಮೇಲಿಂದ ಚಿಮಣಿಯ ಕಡೆಗೆ 560ರಲ್ಲಿ ನೋಡಿ. ಅಷ್ಟು ದೊಡ್ಡ ಕಾಂಕ್ರೀಟ್ ಕಂಬ ನೀರಿನೊಳಗೆ ನಿಂತಂತೆ ಅಲುಗುತ್ತಿರುತ್ತದೆ. ಬಿಸಿ ಗಾಳಿ, ತಂಪು ಗಾಳಿ ಬೆಳಕನ್ನು ಬೇರೆ ಬೇರೆ ಬಾಗಿಸುವುದರಿಂದ ಹೀಗೆ. ಎಷ್ಟು ದುಬಾರಿ ಲೆನ್ಸ್ ತಂದರೂ ಅದಕ್ಕೆ ಮದ್ದಿಲ್ಲ. ಬೆಳಿಗ್ಗೆ ಎಂಟರ ಒಳಗೆ ಕೆಲಸ ಮುಗಿಸಬೇಕು, ಇಲ್ಲದಿದ್ದರೆ ಸಂಜೆ. ಆದರೆ ಬೆಳಿಗ್ಗೆ ಮತ್ತು ಸಂಜೆ ಬೆಳಕು ಕಡಿಮೆ, ಮತ್ತು ನೀವು ಆಗಲೇ ಅರ್ಧ ಬೆಳಕನ್ನು ಕೊಟ್ಟು ಕೂತಿದ್ದೀರಿ! ಕೈಯಲ್ಲಿ ಹಿಡಿದು ತೆಗೆಯುವುದಾದರೆ ಶಟರ್ ಒಂದು ಸೆಕೆಂಡಿನ ಸಾವಿರದ ಒಂದು ಭಾಗದ ಹತ್ತಿರ ಇರಬೇಕು. ಹಾಗಾಗಿ ಐಎಸ್‌ಒ ಏರಿಸಬೇಕು, ಏರಿಸಿದರೆ ಫೋಟೋದಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು.

ಇನ್ನೊಂದು ತೊಂದರೆ ಆಟೋಫೋಕಸ್. ಕಾಕನದ್ದು ಹಳೆಯ ಡಿಎಸ್‌ಎಲ್‌ಆರ್. ಅಂಥ ಬಹಳಷ್ಟು ಕ್ಯಾಮರಾಗಳ ಫೋಕಸ್ ವ್ಯವಸ್ಥೆ ಎಫ್ 5.6ರವರೆಗೆ ಮಾತ್ರ ಕೆಲಸ ಮಾಡುತ್ತದೆ. ಎಫ್ 8ಕ್ಕೆ ಬಂದರೆ ಕೆಲವದರಲ್ಲಿ ಮಧ್ಯದ ಒಂದೇ ಬಿಂದು ಉಳಿಯುತ್ತದೆ, ಕೆಲವದರಲ್ಲಿ ಅದೂ ಇಲ್ಲ. ನಮ್ಮದರಲ್ಲಿ ಇಲ್ಲ. ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ, ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ಕೈಯಿಂದ ಉಂಗುರ ತಿರುಗಿಸಿ ಫೋಕಸ್ ಮಾಡಬೇಕು. ಹಾರುವ ಗರುಡನಿಗೆ ಇದು ಆಗುವ ಕೆಲಸವಲ್ಲ. ಅಲ್ಲಾಡದೆ ಕೂತ ಮಿಂಚುಳ್ಳಿಗೆ ಆಗುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮರಾಗಳಿಗೆ ಈ ಕಷ್ಟ ಇಲ್ಲ, ಅವು ಎಫ್ 11ರಲ್ಲೂ ಫೋಕಸ್ ಮಾಡುತ್ತವೆ. ದುಡ್ಡಿದ್ದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು.

ಕೊಳ್ಳಬೇಕೆಂದಿರುವವರಿಗೆ ಒಂದು ಮಾತು. ಎಲ್ಲ ಲೆನ್ಸಿಗೂ ಇದು ಕೂರುವುದಿಲ್ಲ. ಕ್ಯಾನನ್ ಕಂಪನಿಯ ಎಕ್ಸ್‌ಟೆಂಡರಿನ ಗಾಜು ಮುಂದಕ್ಕೆ ಚಾಚಿಕೊಂಡಿರುತ್ತದೆ. ಹಿಂಭಾಗದಲ್ಲಿ ಜಾಗ ಇರುವ ಕೆಲವೇ ದೊಡ್ಡ ಲೆನ್ಸುಗಳಿಗೆ ಮಾತ್ರ ಅದು ಹೊಂದುತ್ತದೆ, ನಮ್ಮಲ್ಲಿ ಹಲವರ ಹತ್ತಿರ ಇರುವ 55-250ಕ್ಕೆ ಹೊಂದುವುದಿಲ್ಲ. 'ಎಲ್ಲದಕ್ಕೂ ಆಗುತ್ತದೆ' ಎಂದು ಆನ್‌ಲೈನಿನಲ್ಲಿ ಮಾರುವ, ಲೆನ್ಸಿನ ಮುಂದೆ ತಿರುಪಿನಂತೆ ಕೂರಿಸುವ ಗಾಜು ಬೇರೆಯೇ ಜಾತಿ. ಅದರ ಹಣದಲ್ಲಿ ಬಿರಿಯಾನಿ ತಿನ್ನುವುದು ಒಳ್ಳೆಯದು.

ಇಷ್ಟೆಲ್ಲ ಕಳೆದುಕೊಂಡು ಸಿಗುವುದೇನು ಎಂದು ನೋಡಲಿಕ್ಕೆ ಕಾಕ ಮತ್ತು ನಾನು ಒಂದು ಪರೀಕ್ಷೆ ಮಾಡಿದೆವು. ದೂರದ ಒಂದು ಅಂಗಡಿಯ ಬೋರ್ಡು, ಟ್ರೈಪಾಡಿನ ಮೇಲೆ ಕ್ಯಾಮರಾ. ಮೊದಲು 400ರಲ್ಲಿ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿದೆವು. ಆಮೇಲೆ 560ರಲ್ಲಿ, ಆಮೇಲೆ ಗೆಳೆಯರೊಬ್ಬರಿಂದ ತಂದ 2 ಪಟ್ಟಿನದ್ದು ಹಾಕಿ 800ರಲ್ಲಿ. 560ರಲ್ಲಿ ಬೋರ್ಡಿನ ಕೆಳಗಿನ ಸಣ್ಣ ಅಕ್ಷರದ ಒತ್ತು, ದೀರ್ಘ ಸ್ವಲ್ಪ ಹೆಚ್ಚು ಸ್ಪಷ್ಟವಾಗಿತ್ತು. 800ರಲ್ಲಿ ಅಕ್ಷರ ದೊಡ್ಡದಾಗಿತ್ತು, ಆದರೆ ಹೊಸದಾಗಿ ಓದಲಿಕ್ಕೆ ಏನೂ ಸಿಗಲಿಲ್ಲ. ಅಂದಿನಿಂದ ಝೂಮ್ ಲೆನ್ಸಿಗೆ 1.4 ಸಾಕು ಎನ್ನುವ ಪಕ್ಷ ನನ್ನದು. ಒಂದು ಲಾಭ ಮಾತ್ರ ನಿಜವಾಗಿಯೂ ಪುಕ್ಕಟೆ. ಲೆನ್ಸ್ ಎಷ್ಟು ಹತ್ತಿರದವರೆಗೆ ಫೋಕಸ್ ಮಾಡುತ್ತದೋ ಆ ದೂರ ಬದಲಾಗುವುದಿಲ್ಲ. ಹಾಗಾಗಿ ಒಂದು ಮೀಟರ್ ದೂರದಲ್ಲಿ ಕೂತ ಏರೋಪ್ಲೇನ್ ಚಿಟ್ಟೆ 1.4 ಪಟ್ಟು ದೊಡ್ಡದಾಗಿ ಸಿಗುತ್ತದೆ, ಅದನ್ನು ಹೆದರಿಸದೆ.

ಈಗ ಚಂದ್ರನ ವಿಷಯ.

ನನ್ನ ಅಜ್ಜಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗಿದೆ. ಪೊರೆಯಾದರೆ ಆಪರೇಷನ್ ಮಾಡಿದರೆ ಸರಿಹೋಗುತ್ತಿತ್ತು, ಇದು ಹಾಗಲ್ಲ. ಹತ್ತಿರದ ದೊಡ್ಡ ವಸ್ತು ಕಾಣುತ್ತದೆ, ಮುಖ ಗುರುತಿಸುತ್ತಾರೆ, ದೂರದ್ದು ಮಂಜು. ನಮ್ಮ ಮನೆಯಲ್ಲಿ ಮೊದಲು ಹಿಲಾಲ್ ನೋಡುತ್ತಿದ್ದವರು ಅವರೇ. ರಮಝಾನ್ ಮಾತ್ರವಲ್ಲ, ಪ್ರತಿ ತಿಂಗಳೂ ಪಶ್ಚಿಮಕ್ಕೆ ಹೋಗಿ ನಿಂತು, ತೆಂಗಿನ ಗರಿಗಳ ಸಂದಿನಲ್ಲಿ ಎಲ್ಲಿದೆ ಎಂದು ನಮಗೆ ಬೆರಳಿಂದ ತೋರಿಸುತ್ತಿದ್ದರು. ಎರಡು ವರ್ಷದಿಂದ ಅದು ನಿಂತಿತ್ತು. ನಾವು 'ಕಂಡಿತು' ಅಂದರೆ ಅವರು ಆ ದಿಕ್ಕಿಗೆ ತಿರುಗಿ ದುಆ ಮಾಡುತ್ತಿದ್ದರು, ಆದರೆ "ನೀವು ಕಂಡದ್ದು" ಅನ್ನುತ್ತಿದ್ದರು, "ನಾನು ಕಂಡದ್ದಲ್ಲ."

ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟು ಮಾತ್ರ. ಕ್ಯಾಮರಾದ ಸೆನ್ಸರಿನ ಮೇಲೆ ಅವನ ಬಿಂಬ ಎಷ್ಟು ದೊಡ್ಡದು ಎನ್ನಲು ಸುಲಭದ ಲೆಕ್ಕ ಇದೆ: ಲೆನ್ಸಿನ ಮಿ.ಮೀ.ಯನ್ನು 110ರಿಂದ ಭಾಗಿಸಿ. 400ಕ್ಕೆ 3.6 ಮಿ.ಮೀ., 560ಕ್ಕೆ 5.1 ಮಿ.ಮೀ. ನಮ್ಮ ಸೆನ್ಸರ್ ಸುಮಾರು 22 ಮಿ.ಮೀ. ಅಗಲ, 15 ಮಿ.ಮೀ. ಎತ್ತರ. ಅಂದರೆ 560ರಲ್ಲೂ ಚಂದ್ರ ಚಿತ್ರದ ಎತ್ತರದ ಮೂರನೇ ಒಂದು ಭಾಗ ಮಾತ್ರ. (ಇದೇ ಲೆಕ್ಕದಲ್ಲಿ, 1901ರಲ್ಲಿ ಕಟ್ಟಿದ, 27 ಮೀಟರ್ ಎತ್ತರದ ನಮ್ಮ ಕಾಪು ದೀಪಸ್ತಂಭವೂ ಚಂದ್ರನೂ ಒಂದೇ ಎತ್ತರದಲ್ಲಿ ಕಾಣಬೇಕಾದರೆ ದೀಪಸ್ತಂಭದಿಂದ ಸುಮಾರು 3 ಕಿ.ಮೀ. ದೂರ ನಿಲ್ಲಬೇಕು. ಆ ದೂರದಲ್ಲಿ ಕಾಣುವುದು ತೆಂಗಿನ ಮರಗಳು ಮಾತ್ರ.)

2025ರ ಮಾರ್ಚ್ 30, ಭಾನುವಾರ, ರಮಝಾನಿನ 29. ಹಿಂದಿನ ದಿನ ಸಂಜೆ 4.28ಕ್ಕೆ ಅಮಾವಾಸ್ಯೆ ಆಗಿತ್ತು. ಸೂರ್ಯಾಸ್ತದ ಹೊತ್ತಿಗೆ ಚಂದ್ರನಿಗೆ ಸುಮಾರು 26 ಗಂಟೆ ವಯಸ್ಸು. ಅಂದು ಮೋಡ ಇಲ್ಲದಿದ್ದರೆ ಬರಿಗಣ್ಣಿಗೆ ಖಂಡಿತ ಕಾಣುವ ಚಂದ್ರ, ಆದರೆ ಬೆಳಗಿದ ಭಾಗ ಶೇಕಡಾ 2ರ ಆಸುಪಾಸು ಮಾತ್ರ. ಕಾಕ ಹೇಳಿದ ಮೊದಲ ನಿಯಮ: ಸೂರ್ಯ ಪೂರ್ತಿ ಮುಳುಗುವ ತನಕ ಲೆನ್ಸನ್ನು ಆ ಕಡೆ ತಿರುಗಿಸಬಾರದು. 71 ಮಿ.ಮೀ. ಬಾಯಿಯಿಂದ ಬಂದ ಬಿಸಿಲು ಕಣ್ಣನ್ನೂ ಸೆನ್ಸರನ್ನೂ ಸುಡುತ್ತದೆ. ಆದ್ದರಿಂದ ಹಗಲೇ ಪೂರ್ವದ ಕಡೆಯ ಒಂದು ದೂರದ ಗೋಪುರಕ್ಕೆ ಫೋಕಸ್ ಮಾಡಿ, ಉಂಗುರ ಅಲ್ಲಾಡದಂತೆ ಟೇಪ್ ಅಂಟಿಸಿ ಇಟ್ಟೆ. ಬದುವಿನ ಮೇಲೆ ಟ್ರೈಪಾಡ್ ನಿಲ್ಲಿಸಿ, ಕೆಳಗೆ ಕಲ್ಲು ತುಂಬಿದ ಚೀಲ ನೇತು ಹಾಕಿದೆ. ಪಕ್ಕದಲ್ಲಿ ಅಜ್ಜಿಗೆ ಪ್ಲಾಸ್ಟಿಕ್ ಕುರ್ಚಿ. ಖರ್ಜೂರ, ನೀರು, ಮಗ್ರಿಬ್ ನಮಾಝ್ ಮುಗಿಸಿ ಬಂದಾಗ 6.55.

ನನ್ನ ತಮ್ಮನಿಗೆ ಮೊದಲು ಕಂಡಿತು. ಚಿಮಣಿಯ ಹೊಗೆಯಷ್ಟೇ ತೆಳು ಬಣ್ಣದ ಮಬ್ಬಿನ ಮೇಲೆ, ಉಗುರಿನ ತುದಿ ಕತ್ತರಿಸಿದಂತೆ. ಲೆನ್ಸನ್ನು 100ಕ್ಕೆ ಇಟ್ಟು ಹುಡುಕಿ, ಮಧ್ಯಕ್ಕೆ ತಂದು, ಆಮೇಲೆ 400ಕ್ಕೆ ಎಳೆದೆ. ಟೆಲಿಕನ್ವರ್ಟರ್ ಇರುವಾಗ ಝೂಮ್ ಲೆನ್ಸಿನ ದೊಡ್ಡ ಉಪಕಾರ ಇದು. ನೇರವಾಗಿ 560ರಲ್ಲಿ ಆಕಾಶದಲ್ಲಿ ಹುಡುಕಿದರೆ ಸಣ್ಣ ಪೈಪಿನಲ್ಲಿ ಸೂಜಿ ಹುಡುಕಿದ ಹಾಗೆ. ಐಎಸ್‌ಒ 800, ಎಫ್ 8, ಸೆಕೆಂಡಿನ 60ನೇ ಒಂದು ಭಾಗ. ಕೈ ಮುಟ್ಟದಂತೆ ಎರಡು ಸೆಕೆಂಡ್ ಟೈಮರ್. ಮೂರು ಫೋಟೋ ಬಂದವು. ಅಜ್ಜಿಯ ಮುಂದೆ ಪರದೆ ತಿರುಗಿಸಿ ತೋರಿಸಿದೆ.

ಅವರು ತುಂಬ ಹತ್ತಿರದಿಂದ ನೋಡಿದರು. "ಚಂದ ಉಂಟು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆದರೆ ಇದು ಫೋಟೋ. ಹೋದ ವರ್ಷದ್ದು ತೋರಿಸಿದರೂ ನನಗೆ ಗೊತ್ತಾಗುವುದಿಲ್ಲ ಅಲ್ಲವಾ?"

ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಫೋಟೋಕ್ಕೆ ಫೋಕಸ್ ಸರಿ ಇದೆಯಾ ನೋಡಲಿಕ್ಕೆಂದು ಲೈವ್ ವ್ಯೂ ಒತ್ತಿ, 5 ಪಟ್ಟು ಹಿಗ್ಗಿಸಿದೆ. ಚಂದ್ರ ಪರದೆ ತುಂಬ ಬಂದ. ಅಜ್ಜಿ ನೋಡುತ್ತಲೇ ಇದ್ದರು. ಆಗ ನಾನು ತಿಂಗಳುಗಟ್ಟಲೆ ತೊಂದರೆ ಎಂದುಕೊಂಡಿದ್ದ ಒಂದು ಸಂಗತಿ ನಡೆಯಿತು. ಭೂಮಿ ತಿರುಗುವುದರಿಂದ ಚಂದ್ರ ತನ್ನ ಅಗಲದಷ್ಟು ದೂರ ಸರಿಯಲು ಸುಮಾರು ಎರಡು ನಿಮಿಷ ಸಾಕು. ಬರಿಗಣ್ಣಿಗೆ ಅದು ತಿಳಿಯುವುದಿಲ್ಲ. 560ರಲ್ಲಿ, ಅದರ ಮೇಲೆ 5 ಪಟ್ಟು ಹಿಗ್ಗಿಸಿದಾಗ, ಕಣ್ಣೆದುರೇ ತಿಳಿಯುತ್ತದೆ. ಅಂಚಿನಲ್ಲಿ ಬಿಸಿ ಗಾಳಿಗೆ ಸಣ್ಣಗೆ ನಡುಗುತ್ತ, ಬಿಳಿ ಗೆರೆ ಮೆಲ್ಲಗೆ ಪರದೆಯ ಮೂಲೆಗೆ ಸರಿಯತೊಡಗಿತು. ಯಾರೂ ಕ್ಯಾಮರಾ ಮುಟ್ಟಿರಲಿಲ್ಲ.

"ನಡೀತಾ ಉಂಟು" ಅಂದರು ಅಜ್ಜಿ. ಬೆರಳನ್ನು ಪರದೆಯ ಹತ್ತಿರ ಇಟ್ಟು, ಅದು ಸರಿಯುವ ಕಡೆಗೇ ಬೆರಳನ್ನೂ ಸರಿಸಿದರು. "ಇದು ಈಗಿನದ್ದು."

ಆಮೇಲೆ ಅವರು ಕೈ ಎತ್ತಿದರು. ನಾವ್ಯಾರೂ ಮಾತಾಡಲಿಲ್ಲ. ಚಂದ್ರ ಪರದೆ ಬಿಟ್ಟು ಹೋದಾಗಲೆಲ್ಲ ನಾನು ಟ್ರೈಪಾಡಿನ ಹಿಡಿ ತಿರುಗಿಸಿ ಮತ್ತೆ ಮಧ್ಯಕ್ಕೆ ತರುತ್ತಿದ್ದೆ. ಕತ್ತಲಾದಂತೆ ಚಂದ್ರನ ಉಳಿದ ಭಾಗವೂ ಬೂದು ಬಣ್ಣದಲ್ಲಿ ತೋರಲಿಕ್ಕೆ ಶುರುವಾಯಿತು. ಅದು ಭೂಮಿಯಿಂದ ಚಂದ್ರನಿಗೆ ಹೋಗಿ ತಿರುಗಿ ಬರುವ ಬೆಳಕು. ಅದನ್ನು ಫೋಟೋದಲ್ಲಿ ಹಿಡಿಯಲು ಒಂದು ಸೆಕೆಂಡಾದರೂ ಶಟರ್ ತೆರೆದಿಡಬೇಕು, ಆದರೆ ಒಂದು ಸೆಕೆಂಡಿನಲ್ಲಿ ಬಿಂಬ ಹತ್ತು ಪಿಕ್ಸೆಲಿನಷ್ಟು ಜಾರಿರುತ್ತದೆ. ಒಂದು ಸ್ಟಾಪ್ ಬೆಳಕು ಕೈಯಲ್ಲಿದ್ದಿದ್ದರೆ ಅರ್ಧ ಸೆಕೆಂಡು ಸಾಕಿತ್ತು. ಆ ಫೋಟೋಗೆ ಮಾತ್ರ ಟೆಲಿಕನ್ವರ್ಟರ್ ತೆಗೆದೆ.

ಅಷ್ಟರಲ್ಲಿ ಖಾಝಿಯವರ ಘೋಷಣೆಯ ಸುದ್ದಿ ಮೊಬೈಲಿಗೆ ಬಂತು, ಮರುದಿನ ಈದುಲ್ ಫಿತ್ರ್. ಉಮ್ಮ ಒಳಗೆ ಓಡಿದರು. ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಏನಿರುತ್ತದೆ ಎಂದು ನಿಮಗೆ ಗೊತ್ತು.

ಹಬ್ಬ ಕಳೆದ ಮೇಲೆ ಒಂದು ಪ್ರಶ್ನೆ ನನ್ನ ತಲೆಯಲ್ಲಿ ಉಳಿದಿತ್ತು. ಅಜ್ಜಿ ಕಂಡದ್ದು ಕಂಡದ್ದೇ ಹೌದಾ? ಪರದೆಯಲ್ಲಿ ಇರುವುದು ಬೆಳಕಲ್ಲ, ಬೆಳಕನ್ನು ಅಳೆದು ಸೆನ್ಸರ್ ಕೊಟ್ಟ ಲೆಕ್ಕ. ಕನ್ನಡಕದಲ್ಲಿ ನೋಡುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ನನ್ನ ಮದ್ರಸದ ಉಸ್ತಾದರನ್ನು ಕೇಳಿದೆ. ತಿಂಗಳು ನಿಶ್ಚಯಿಸಲು ಬರಿಗಣ್ಣಿನ ದರ್ಶನವೇ ಬೇಕು ಎನ್ನುವ ವಿದ್ವಾಂಸರಿದ್ದಾರೆ, ದೂರದರ್ಶಕದಲ್ಲಿ ಕಂಡರೂ ಆದೀತು ಎನ್ನುವವರೂ ಇದ್ದಾರೆ ಎಂದು ಅವರು ಎರಡೂ ಕಡೆಯ ಮಾತನ್ನು ಸುಮಾರು ಹೊತ್ತು ವಿವರಿಸಿದರು. ಕೊನೆಗೆ ನಕ್ಕು, "ಹಬ್ಬ ನಿಶ್ಚಯಿಸುವ ಕೆಲಸ ಖಾಝಿಯವರದ್ದು, ನಿನ್ನ ಕ್ಯಾಮರಾದ್ದಲ್ಲ. ನಿನ್ನ ಅಜ್ಜಿ ಯಾರಿಗೂ ಸಾಕ್ಷಿ ಹೇಳಲಿಕ್ಕೆ ಹೋಗಿಲ್ಲ, ದುಆ ಮಾಡಿದ್ದಾರೆ. ಮುಂದಿನ ತಿಂಗಳೂ ತೋರಿಸು" ಅಂದರು. ಫಿಸಿಕ್ಸ್ ಸರ್ ಇದೇ ಪ್ರಶ್ನೆಗೆ, "ಕಣ್ಣಿನ ಅಕ್ಷಿಪಟಲವೂ ಮೆದುಳಿಗೆ ಲೆಕ್ಕವನ್ನೇ ಕಳಿಸುವುದು" ಎಂದು ಹೇಳಿ ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿದರು.

ಮುಂದಿನ ಎರಡು ತಿಂಗಳೂ ತೋರಿಸಿದೆ. ಆಮೇಲೆ ಮಳೆ. ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಹಿಲಾಲೂ ಇಲ್ಲ, ಲೆನ್ಸಿಗೆ ನೆಮ್ಮದಿಯೂ ಇಲ್ಲ. ತೇವಕ್ಕೆ ಗಾಜಿನ ಒಳಗೆ ಜೇಡರ ಬಲೆಯಂತೆ ಬೂಷ್ಟು ಬೆಳೆಯುತ್ತದೆ. ಟೆಲಿಕನ್ವರ್ಟರ್ ಎಂದರೆ ಬೂಷ್ಟಿಗೆ ಇನ್ನಷ್ಟು ಗಾಜು, ದೂಳಿಗೆ ಇನ್ನೊಂದು ಬಾಗಿಲು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸುವುದು, ಇಷ್ಟು ಮಾಡಿದರೆ ಸಾಕು.

ಮಳೆಗೆ ಮೊದಲು ಒಂದು ಪಂದ್ಯ ಮಾತ್ರ ಆಗಿತ್ತು. ಹುಣ್ಣಿಮೆಯ ಚಂದ್ರ ಹುಟ್ಟುವಾಗ ದೊಡ್ಡದು, ಮೇಲೇರಿದಾಗ ಸಣ್ಣದು ಎಂದು ಕ್ಲಾಸಿನ ಅರ್ಧ ಜನ ವಾದಿಸಿದರು. ಸುಮಾರು ಸಾವಿರ ವರ್ಷದ ಹಿಂದೆ ಇಬ್ನುಲ್ ಹೈಥಮ್ 'ಕಿತಾಬುಲ್ ಮನಾಝಿರ್'ನಲ್ಲಿ ಇದರ ಬಗ್ಗೆ ಬರೆದಿದ್ದಾರೆ. ದಿಗಂತದ ಹತ್ತಿರ ಮಧ್ಯೆ ಮರ, ಮನೆ, ನೆಲ ಕಾಣುವುದರಿಂದ ಚಂದ್ರ ಹೆಚ್ಚು ದೂರದಲ್ಲಿದ್ದಾನೆ ಎಂದು ಮನಸ್ಸು ಎಣಿಸುತ್ತದೆ, ಹಾಗಾಗಿ ದೊಡ್ಡದಾಗಿ ಗ್ರಹಿಸುತ್ತದೆ ಎನ್ನುವುದು ಅವರ ವಿವರಣೆ. ಏಪ್ರಿಲ್ 12ರ ಸಂಜೆ ಚಂದ್ರ ಹುಟ್ಟುವಾಗ ಒಂದು, ನಡುರಾತ್ರಿ ನೆತ್ತಿಯ ಹತ್ತಿರ ಬಂದಾಗ ಒಂದು, ಎರಡನ್ನೂ 560ರಲ್ಲೇ ತೆಗೆದೆ. ಅಳೆದರೆ ಹುಟ್ಟುವ ಚಂದ್ರ ದೊಡ್ಡದಿಲ್ಲ. ಅಗಲದಲ್ಲಿ ನೆತ್ತಿಯ ಚಂದ್ರನೇ ಕೂದಲೆಳೆಯಷ್ಟು ದೊಡ್ಡದು! ಆ ಹೊತ್ತಿಗೆ ಭೂಮಿ ತಿರುಗಿ ನಾವು ಚಂದ್ರನಿಗೆ ಸಾವಿರಾರು ಕಿಲೋಮೀಟರ್ ಹತ್ತಿರ ಬಂದಿರುತ್ತೇವೆ. ದಿಗಂತದ ಚಂದ್ರ ಮೇಲಿಂದ ಕೆಳಕ್ಕೆ ಸ್ವಲ್ಪ ಚಪ್ಪಟೆ ಬೇರೆ, ಅದು ವಾತಾವರಣದ ವಕ್ರೀಭವನ.

ಅಜ್ಜಿ ಇದನ್ನು ಒಪ್ಪಲಿಲ್ಲ. ಹುಟ್ಟುವ ಚಂದ್ರನೇ ದೊಡ್ಡದು, ತಾನು ಎಪ್ಪತ್ತು ವರ್ಷ ನೋಡಿದ್ದೇನೆ ಅಂದರು. ಎರಡೂ ಫೋಟೋಗಳನ್ನು ಲೈಬ್ರರಿಯ ಎದುರಿನ ನೋಟಿಸ್ ಬೋರ್ಡಿನಲ್ಲಿ ಪಕ್ಕ ಪಕ್ಕ ಅಂಟಿಸಿದ್ದೇನೆ. ಬರುವವರು ಸ್ಕೇಲ್ ಹಿಡಿದುಕೊಂಡು ಬನ್ನಿ.